ಮಾಸ್ಟ್ರಲ್ಲಿ ಕೇಳಿ: ಕಡಲ ಬದಿಯ ಸಮಾಧಿಗಳು

ಕಳೆದ ಸಂಚಿಕೆಯಲ್ಲಿ ಕಣ್ಣೂರಿನ ಪಯ್ಯಾಂಬಲಂ ಕಡಲತೀರಕ್ಕೆ ಹೋಗಿ ಬಂದದ್ದನ್ನು ನಾಲ್ಕು ಸಾಲು ಬರೆದಿದ್ದೆ. ಅಲ್ಲಿನ ನಾಯಕರ ಸಮಾಧಿಗಳ ಬಗ್ಗೆ ಇಷ್ಟು ಕಾಗದ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಮೊಣಕಾಲು ನೋವು, ಯೋಗಾಸನದ ಪ್ರಶ್ನೆಗಳು ಮುಂದಿನ ಸಲಕ್ಕೆ ಇರಲಿ. ಈ ಸಲ ಇದೊಂದೇ.

ಪ್ರಶ್ನೆ: ಪಯ್ಯಾಂಬಲಂನಲ್ಲಿ ಯಾರ್ಯಾರ ಸಮಾಧಿ ಇದೆ ಮಾಸ್ಟ್ರೇ? ಕಾಸರಗೋಡಿನ ಕನ್ನಡದವರಿಗೆ ಅಲ್ಲಿ ನೋಡಲು ಏನಿದೆ? (ಕುಂಬಳೆಯ ಓದುಗರು)

ಅಲ್ಲಿರುವವರಲ್ಲಿ ಕೆಲವರು ನಮ್ಮ ಓಟು ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದವರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ (ಎ.ಕೆ.ಜಿ.) ಅವರನ್ನೇ ನೋಡಿ. 1957, 1962, 1967, ಹೀಗೆ ಮೂರು ಸಲ ಕಾಸರಗೋಡಿನಿಂದ ಗೆದ್ದು ಲೋಕಸಭೆಗೆ ಹೋದರು. ನನ್ನ ಅಪ್ಪ ಬೀಡಿ ಕಟ್ಟುತ್ತಿದ್ದರು. ಎ.ಕೆ.ಜಿ. ಬರುತ್ತಾರೆ ಅಂತ ತಿಳಿದ ದಿನ ಬೀಡಿ ಕಟ್ಟುವ ಸೂಪನ್ನು (ಮೊರವನ್ನು) ಹಾಗೇ ಬಿಟ್ಟು ನಡೆದುಕೊಂಡು ಹೋಗಿದ್ದರಂತೆ. ಮಲಯಾಳ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ, ಆದರೂ ಕೊನೆಯವರೆಗೆ ನಿಂತು ಕೇಳಿದೆ ಅಂತ ಹೇಳುತ್ತಿದ್ದರು. ಎ.ಕೆ.ಜಿ. ತೀರಿಕೊಂಡದ್ದು 1977ರ ಮಾರ್ಚ್ 22ಕ್ಕೆ. ತುರ್ತು ಪರಿಸ್ಥಿತಿಯನ್ನು ಹಿಂದಕ್ಕೆ ತೆಗೆದದ್ದು ಅದರ ಹಿಂದಿನ ದಿನ. ಸುದ್ದಿ ಕೇಳಿದ ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ನಾನು ಪಯ್ಯಾಂಬಲಂಗೆ ಹೋದದ್ದು ಮುಖ್ಯವಾಗಿ ಅಪ್ಪನಿಗೋಸ್ಕರ.

ಇ.ಕೆ. ನಾಯನಾರ್ ಕೂಡ ನಮಗೆ ಹೊರಗಿನವರಲ್ಲ. 1971ರಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ನಿಂತು, ಆಗಿನ್ನೂ ಹುಡುಗನಾಗಿದ್ದ ಕಡನ್ನಪ್ಪಳ್ಳಿ ರಾಮಚಂದ್ರನ್ ಎದುರು ಸೋತರು. ಅದೇ ನಾಯನಾರ್ ಮುಂದೆ ಮೂರು ಸಲ ಕೇರಳದ ಮುಖ್ಯಮಂತ್ರಿಯಾದರು. 2004ರ ಮೇ 19ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಕಡೆಗೆ ಅವರನ್ನು ತಂದದ್ದು ಪಯ್ಯಾಂಬಲಂಗೇ. ಅಳೀಕ್ಕೋಡನ್ ರಾಘವನ್, ಚಡಯನ್ ಗೋವಿಂದನ್, 2022ರಲ್ಲಿ ತೀರಿಕೊಂಡ ಕೋಡಿಯೇರಿ ಬಾಲಕೃಷ್ಣನ್ ಇವರೆಲ್ಲರ ಸ್ಮಾರಕಗಳೂ ಅಲ್ಲೇ ಇವೆ.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಬೇರೆ ಸಂಗತಿ. ಎಂ.ವಿ. ರಾಘವನ್ ಅವರನ್ನು 1986ರಲ್ಲಿ ಸಿಪಿಎಂ ಪಕ್ಷದಿಂದ ಹೊರಗೆ ಹಾಕಿದರು. ಅವರು ಬೇರೆ ಪಕ್ಷವನ್ನೇ ಕಟ್ಟಿದರು. ಆಮೇಲೆ ಕಣ್ಣೂರಿನಲ್ಲಿ ಎಷ್ಟು ಜಗಳ, ಎಷ್ಟು ರಕ್ತ! 2014ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆ ಆದದ್ದು ಇದೇ ತೀರದಲ್ಲಿ, ಹಳೆಯ ಸಂಗಾತಿಗಳ ಹತ್ತಿರ. ಬಿಜೆಪಿಯ ಕೆ.ಜಿ. ಮಾರಾರ್ ಅವರ ಸ್ಮೃತಿಮಂಟಪವೂ ಇಲ್ಲೇ ಇದೆ. ಮಾರಾರ್ ನಮ್ಮ ಮಂಜೇಶ್ವರದಿಂದ ವಿಧಾನಸಭೆಗೆ ನಿಂತು ಸೋತವರು, ಮಂಜೇಶ್ವರದ ಹಿರಿಯರಿಗೆ ನೆನಪಿರಬಹುದು. ಬದುಕಿದ್ದಾಗ ಒಂದೇ ವೇದಿಕೆ ಹತ್ತದವರಿಗೆ ಈಗ ಒಂದೇ ಗಾಳಿಮರದ ನೆರಳು.

ಇವರೆಲ್ಲರಿಗಿಂತ ಮೊದಲು ಅಲ್ಲಿಗೆ ಬಂದವರು ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆ. ಪತ್ರಿಕೆಯಲ್ಲಿ ದಿವಾನರ ವಿರುದ್ಧ ಬರೆದದ್ದಕ್ಕೆ 1910ರಲ್ಲಿ ತಿರುವಿತಾಂಕೂರಿನಿಂದ ಗಡಿಪಾರಾದವರು. 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೂ ಆಗಿರಲಿಲ್ಲ. ಸ್ವಂತ ಊರಿಗೆ ಮರಳುವುದು ಆಗಲೇ ಇಲ್ಲ. ಅವರ ಸಮಾಧಿಯ ಎದುರು ಎರಡು ನಿಮಿಷ ನಿಲ್ಲದೆ ಮುಂದೆ ಹೋಗಬೇಡಿ.

ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ನೋಡಿ ಮುಗಿಯುತ್ತದೆ. ಕಣ್ಣೂರು ಸ್ಟೇಷನ್‌ನಿಂದ ಆಟೋ ಸಿಗುತ್ತದೆ. ವಾಪಸು ಬರುವಾಗ ಇಂಡಿಯನ್ ಕಾಫಿ ಹೌಸ್‌ನಲ್ಲಿ ಒಂದು ಕಾಫಿ ಕುಡಿಯಿರಿ. ಕೆಲಸ ಕಳೆದುಕೊಂಡ ಕಾರ್ಮಿಕರನ್ನು ಸೇರಿಸಿ ಆ ಸಹಕಾರ ಸಂಘ ಕಟ್ಟಿಸಲು ಓಡಾಡಿದವರೂ ಎ.ಕೆ.ಜಿ.ಯೇ.

ಪ್ರಶ್ನೆ: ಸುಟ್ಟ ಜಾಗಕ್ಕೂ ಸಮಾಧಿ ಅನ್ನಬಹುದಾ? (ಮಂಜೇಶ್ವರದ ಓದುಗರು)

ಧಾರಾಳವಾಗಿ. ನಮ್ಮ ತುಳುನಾಡಿನ ದೂಪೆ ಗೊತ್ತಲ್ವಾ? ಚಿತೆ ಉರಿದ ಜಾಗದಲ್ಲೇ ಮಣ್ಣು ಪೇರಿಸಿ ಮೆಟ್ಟಿಲು ಮೆಟ್ಟಿಲಾಗಿ ಮಾಡುತ್ತೇವೆ. ಬೊಜ್ಜದ (ಉತ್ತರಕ್ರಿಯೆಯ) ದಿನ ಅದಕ್ಕೆ ಅಲಂಕಾರ. ಪಯ್ಯಾಂಬಲಂನ ಸ್ಮಾರಕಗಳನ್ನು ನೋಡಿದಾಗ ನನಗೆ ನೆನಪಾದದ್ದು ಅಜ್ಜಿಯ ದೂಪೆ. ಒಂದು ಸಿಮೆಂಟಿನದು, ಇನ್ನೊಂದು ಮಣ್ಣಿನದು, ಅಷ್ಟೇ.

ಪ್ರಶ್ನೆ: ಇ. ಅಹಮ್ಮದ್ ಅವರ ಕಬರು ಕಣ್ಣೂರಿನಲ್ಲೇ ಇದೆಯಾ? ಬೇರೆ ಧರ್ಮದವರು ಹೋಗಬಹುದಾ? (ಉಪ್ಪಳದ ಓದುಗರು)

ಹೌದು, ಕಣ್ಣೂರು ಸಿಟಿಯ ಜುಮಾ ಪಳ್ಳಿಯ (ಮಸೀದಿಯ) ಖಬರ್‌ಸ್ತಾನದಲ್ಲಿದೆ. 2017ರ ಜನವರಿ 31ಕ್ಕೆ ಸಂಸತ್ತಿನಲ್ಲಿ ರಾಷ್ಟ್ರಪತಿಗಳ ಭಾಷಣ ನಡೆಯುವಾಗಲೇ ಕುಸಿದು ಬಿದ್ದರು. ಆ ರಾತ್ರಿ ಕಳೆಯುವಷ್ಟರಲ್ಲಿ ತೀರಿಕೊಂಡರು. ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿ ಊರೂರು ಸುತ್ತಿದ ಮನುಷ್ಯ ಕಡೆಗೆ ಹುಟ್ಟಿದ ಊರಿನ ಮಣ್ಣಿಗೇ ಬಂದರು.

ಹೋಗುವುದಾದರೆ ಮೊದಲು ಪಳ್ಳಿಯವರನ್ನು ಕೇಳಿ. ನಮಾಜಿನ ಹೊತ್ತು ಬೇಡ. ಕಬರುಗಳ ಮೇಲೆ ಕಾಲಿಡದ ಹಾಗೆ ನಡೆಯಿರಿ. ತಲೆಯ ಕಡೆ ಊರಿದ ಕಲ್ಲಿಗೆ ಮೀಸಾನ್ ಕಲ್ಲು ಅನ್ನುತ್ತಾರೆ. ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಇಷ್ಟು ಮರ್ಯಾದೆ ಇಟ್ಟುಕೊಂಡು ಕೇಳಿದವರನ್ನು ಯಾರೂ ಹಿಂದೆ ಕಳಿಸಿದ್ದು ನಾನು ಕಂಡಿಲ್ಲ.

ಪ್ರಶ್ನೆ: ಜಾರ್ಜ್ ಫರ್ನಾಂಡಿಸರನ್ನು ಸುಟ್ಟರೋ, ಹೂಳಿದರೋ? ನಮ್ಮ ಮನೆಯಲ್ಲಿ ಇದೇ ಚರ್ಚೆ. (ಹೊಸಂಗಡಿಯ ಓದುಗರು)

ಎರಡೂ ಆಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ 2019ರ ಜನವರಿ 29ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಸುಡಬೇಕು ಅಂತ ಒಂದು ಕಾಲಕ್ಕೆ ಹೇಳಿದ್ದರು, ಕೊನೆಗೆ ಹೂಳಬೇಕು ಅಂದಿದ್ದರು. ಮನೆಯವರು ಎರಡೂ ಮಾತನ್ನು ನಡೆಸಿದರು. ಲೋಧಿ ರಸ್ತೆಯಲ್ಲಿ ದಹನವಾಯಿತು. ಚಿತಾಭಸ್ಮವನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸೆಮೆಟ್ರಿಯಲ್ಲಿ ಮಣ್ಣು ಮಾಡಿದರು. ನೀವು ಮುಂಬೈಗೆ ಕೊಂಕಣ ರೈಲಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ಅವರನ್ನು ನೆನೆಯಿರಿ. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಹಳಿ. ಅವರು ರೈಲ್ವೆ ಮಂತ್ರಿಯಾಗಿದ್ದಾಗ ಪಟ್ಟು ಹಿಡಿಯದಿದ್ದರೆ ಆ ದಾರಿ ಇನ್ನೆಷ್ಟು ವರ್ಷ ಕಾಗದದಲ್ಲೇ ಇರುತ್ತಿತ್ತೋ.

ಪ್ರಶ್ನೆ: ಚೆನ್ನೈನ ಮರೀನಾದಲ್ಲಿ ನಾಯಕರನ್ನು ಸುಡದೆ ಹೂಳುವುದು ಯಾಕೆ? (ನೀರ್ಚಾಲಿನ ಓದುಗರು)

ದ್ರಾವಿಡ ಚಳವಳಿಯವರು ವೈದಿಕ ಕ್ರಿಯೆಗಳನ್ನು ಒಪ್ಪಲಿಲ್ಲ, ಅದೇ ಮೂಲ. ಮರೀನಾದಲ್ಲಿ 1969ರಲ್ಲಿ ಅಣ್ಣಾದುರೈ, 1987ರಲ್ಲಿ ಎಂ.ಜಿ.ಆರ್., 2016ರಲ್ಲಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ, 2018ರಲ್ಲಿ ಕರುಣಾನಿಧಿ. ಕರುಣಾನಿಧಿಯವರಿಗೆ ಅಲ್ಲಿ ಜಾಗ ಕೊಡುವುದಕ್ಕೆ ಸರಕಾರ ಒಪ್ಪದೆ ಹೈಕೋರ್ಟ್ ಆದೇಶ ಬರಬೇಕಾಯಿತು. ‘ಬಿಡುವಿಲ್ಲದೆ ದುಡಿದವನು ಇಗೋ ಇಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾನೆ’ ಅನ್ನುವ ಅರ್ಥದ ಅವರದೇ ಮಾತನ್ನು ಪೆಟ್ಟಿಗೆಯ ಮೇಲೆ ಬರೆಸಿದ್ದರು. ಇವರಿಗೆಲ್ಲ ಹಿರಿಯರಾದ ಪೆರಿಯಾರ್ ಮಾತ್ರ ಮರೀನಾದಲ್ಲಿಲ್ಲ, ವೇಪೇರಿಯ ಪೆರಿಯಾರ್ ತಿಡಲ್‌ನಲ್ಲಿದ್ದಾರೆ. ಈರೋಡಿನ ಅವರ ಮನೆಮಾತು ಕನ್ನಡ.

ಪ್ರಶ್ನೆ: ಎಲ್ಲ ಕಡೆ ರಾಜಕಾರಣಿಗಳೇ! ಆಟಗಾರರ ಸಮಾಧಿ ಎಲ್ಲೂ ಇಲ್ವಾ ಸರ್? ನಾನು ಕಾಲೇಜು ವಾಲಿಬಾಲ್ ಟೀಮಿನಲ್ಲಿದ್ದೇನೆ. (ಬದಿಯಡ್ಕದ ವಿದ್ಯಾರ್ಥಿನಿ)

ಮಗಳೇ, ನಿನ್ನ ಕಾಗದ ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತೆ. ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದ ನನಗೆ ಪಯ್ಯಾಂಬಲಂನಲ್ಲಿ ನಿಂತಾಗ ಅನಿಸಿದ್ದೂ ಇದೇ.

ವಾಲಿಬಾಲ್ ಅಂದೆಯಲ್ಲ, ಜಿಮ್ಮಿ ಜಾರ್ಜ್ ಹೆಸರು ಕೇಳಿದ್ದೀಯಾ? ಇದೇ ಕಣ್ಣೂರು ಜಿಲ್ಲೆಯ ಪೇರಾವೂರಿನವರು. ಹುಟ್ಟಿದ್ದು 1955ರಲ್ಲಿ. ಅಣ್ಣತಮ್ಮಂದಿರು ಎಂಟು ಮಂದಿ, ಎಂಟೂ ಜನ ವಾಲಿಬಾಲ್ ಆಡುವವರು. ಮನೆಯವರೇ ಸೇರಿ ಒಂದು ಟೀಮು! 21ನೇ ವಯಸ್ಸಿಗೆ ಅರ್ಜುನ ಪ್ರಶಸ್ತಿ ಬಂತು. ಇಟಲಿಗೆ ಹೋಗಿ ವೃತ್ತಿಪರ ವಾಲಿಬಾಲ್ ಆಡಿದ ಮೊದಲ ಭಾರತೀಯ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ನಮ್ಮ ತಂಡದಲ್ಲಿದ್ದರು. ಮರುವರ್ಷ ನವೆಂಬರ್ 30ಕ್ಕೆ ಇಟಲಿಯಲ್ಲೇ ಕಾರು ಅಪಘಾತ. 32 ವರ್ಷ, ಅಷ್ಟೇ.

ಸುದ್ದಿ ಗೊತ್ತಾದ ಸಂಜೆ ಶಾಲೆಯ ಹುಡುಗರು ನೆಟ್ ಕಟ್ಟಲಿಲ್ಲ. ನಾನೂ ಕಟ್ಟಿ ಅನ್ನಲಿಲ್ಲ. ಕಂಬಕ್ಕೆ ಒರಗಿ ಕೂತು, ಅವರು ಸ್ಮ್ಯಾಶ್‌ಗೆ ಹಾರಿದರೆ ಗಾಳಿಯಲ್ಲೇ ನಿಂತುಬಿಡುತ್ತಾರಂತೆ ಅಂತ ಒಬ್ಬ ಶುರು ಮಾಡಿದ. ಕತ್ತಲಾಗುವವರೆಗೆ ಅದೇ ಮಾತು. ತಿರುವನಂತಪುರದ ಒಳಾಂಗಣ ಕ್ರೀಡಾಂಗಣಕ್ಕೆ ಈಗ ಅವರ ಹೆಸರು. ಇಟಲಿಯ ಮೊಂಟಿಕ್ಯಾರಿ ಅನ್ನುವ ಊರಿನವರೂ ತಮ್ಮ ಕ್ರೀಡಾಂಗಣಕ್ಕೆ ಅವರ ಹೆಸರೇ ಇಟ್ಟಿದ್ದಾರೆ, ಪಾಲಾಜಾರ್ಜ್ ಅಂತ. ನಮ್ಮ ಪಕ್ಕದ ಜಿಲ್ಲೆಯ ಹುಡುಗನ ಹೆಸರನ್ನು ಅಷ್ಟು ದೂರದವರು ಎತ್ತಿ ಹಿಡಿದಿದ್ದಾರೆ. ಅವರ ತಮ್ಮ ಬಾಬಿಯ ಹೆಂಡತಿ ಅಂಜು, 2003ರಲ್ಲಿ ಪ್ಯಾರಿಸ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಉದ್ದಜಿಗಿತದ ಕಂಚು ತಂದವರು.

ಆಟ, ರಾಜಕೀಯ ಎರಡೂ ಒಬ್ಬರಲ್ಲೇ ಇದ್ದ ಉದಾಹರಣೆಯೂ ಇದೆ. ಜೈಪಾಲ್ ಸಿಂಗ್ ಮುಂಡಾ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಹೋದ ನಮ್ಮ ಹಾಕಿ ತಂಡದ ನಾಯಕ. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಎದ್ದು ನಿಂತು ಮಾತಾಡಿದವರು. ಅವರ ಸಮಾಧಿ ಯಾವ ರಾಜಧಾನಿಯಲ್ಲೂ ಇಲ್ಲ, ಜಾರ್ಖಂಡಿನ ಖೂಂಟಿ ಜಿಲ್ಲೆಯ ಅವರ ಹಳ್ಳಿಯಲ್ಲಿದೆ. ಕ್ರಿಕೆಟ್‌ನ ಮನ್ಸೂರ್ ಅಲಿ ಖಾನ್ ಪಟೌಡಿ ಕೂಡ ಹಾಗೇ. ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಹೋದ ಮರುವರ್ಷ, 1962ರಲ್ಲಿ, 21ನೇ ವಯಸ್ಸಿಗೆ ಭಾರತದ ನಾಯಕ. ಎರಡು ಸಲ ಲೋಕಸಭೆಗೆ ನಿಂತರು, ಎರಡೂ ಸಲ ಸೋತರು. 2011ರಲ್ಲಿ ಹರಿಯಾಣದ ಪಟೌಡಿಯಲ್ಲಿ, ಮನೆತನದವರ ಪಕ್ಕದಲ್ಲೇ ಮಣ್ಣಾದರು.

ಅಂದರೆ ಆಟಗಾರರು ಊರಿಗೆ ಮರಳುತ್ತಾರೆ ಮಗಳೇ. ಅವರಿಗೆ ಕಡಲತೀರದಲ್ಲಿ ಜಾಗ ತೆಗೆದಿಟ್ಟವರಿಲ್ಲ. ನನಗೆ ಒಂದು ಆಸೆ ಇದೆ. ನಮ್ಮ ಪ್ರತಿ ಪಂಚಾಯತಿನ ಆಟದ ಬಯಲಿನಲ್ಲೂ ಒಂದು ಕಲ್ಲು ಇರಬೇಕು. ಅಲ್ಲಿ ಆಡಿ ಬೆಳೆದು ಜಿಲ್ಲೆಗೋ ರಾಜ್ಯಕ್ಕೋ ಹೋದವರ ಹೆಸರು ಅದರಲ್ಲಿ ಇರಬೇಕು. ನಮ್ಮ ಊರಿನ ಪಂಚಾಯತಿಗೆ ಈ ಬಗ್ಗೆ ಅರ್ಜಿ ಬರೆದಿದ್ದೇನೆ. ನೀನೂ ನಿಮ್ಮ ಊರಿನದಕ್ಕೆ ಬರೆ.

ಪ್ರಶ್ನೆ: ನಮ್ಮ ದೊಡ್ಡಪ್ಪ ಒಳ್ಳೆಯ ಫುಟ್‌ಬಾಲ್ ಆಟಗಾರ. ಇಗರ್ಜಿಯ ಸೆಮೆಟ್ರಿಯಲ್ಲಿರುವ ಅವರ ಕಲ್ಲಿನ ಅಕ್ಷರ ಈಗ ಓದಲು ಬರುವುದಿಲ್ಲ. ಏನು ಮಾಡಲಿ? (ಬೇಳದ ಓದುಗರು)

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಇದು ನಾನು ಅನುಭವಿಸಿ ಕಲಿತದ್ದು. ನನ್ನ ಜತೆ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಆಡುತ್ತಿದ್ದ ಗೋಲ್‌ಕೀಪರ್ ಗೆಳೆಯನೊಬ್ಬನ ಕಲ್ಲಿಗೆ ಪಾಚಿ ಕಟ್ಟಿತ್ತು. ಕಬ್ಬಿಣದ ಬ್ರಶ್ ತಗೊಂಡು ಉಜ್ಜಿದೆ. ಪಾಚಿಯ ಜತೆ ಅಕ್ಷರದ ಅಂಚೂ ಹೋಯಿತು. ಅವನು ಹುಟ್ಟಿದ ಇಸವಿಯ ಕೊನೆಯ ಎರಡು ಅಂಕೆ ಈಗ ಇಲ್ಲ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ. ಆಸಿಡ್, ಬ್ಲೀಚಿಂಗ್ ಪೌಡರ್ ಕೂಡ ಬೇಡವೇ ಬೇಡ. ಅಮೃತಶಿಲೆಯನ್ನು ಆಸಿಡ್ ತಿಂದುಬಿಡುತ್ತದೆ.

ಮಳೆ ಬಿಟ್ಟ ಮೇಲೆ ಹೋಗಿ. ಒಂದು ಬಕೆಟ್ ಬರೀ ನೀರು, ಪೈಂಟ್ ಹೊಡೆಯುವ ಮೆತ್ತಗಿನ ಬ್ರಶ್, ಬಿದಿರಿನ ಒಂದು ಕಡ್ಡಿ ಸಾಕು. ಕಲ್ಲನ್ನು ಚೆನ್ನಾಗಿ ನೆನೆಸಿ, ಹತ್ತು ನಿಮಿಷ ಬಿಡಿ. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಬ್ರಶ್ ಆಡಿಸಿ. ಅಕ್ಷರದ ಒಳಗೆ ಕೂತ ಮಣ್ಣನ್ನು ಕಡ್ಡಿಯಿಂದ ಬಿಡಿಸಿ. ಕಲ್ಲು ಪುಡಿ ಪುಡಿಯಾಗಿ ಉದುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಮುಟ್ಟಬೇಡಿ.

ಓದುವುದಕ್ಕೆ ಬೆಳಿಗ್ಗೆ ಏಳು ಗಂಟೆಯ ಓರೆ ಬಿಸಿಲು ಒಳ್ಳೆಯದು. ನೆತ್ತಿ ಬಿಸಿಲಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿಗೆ ನೆರಳು ಹಿಡಿದು ಎದ್ದು ಕಾಣುತ್ತದೆ. ಬಿಸಿಲು ಬೀಳದ ಮೂಲೆಯಾದರೆ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಬದಿಯಿಂದ ಬಿಡಲಿ, ಇನ್ನೊಬ್ಬರು ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಕಲ್ಲು ಗಟ್ಟಿ ಇದ್ದರೆ ಒಣಗಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ತೇಯಬಹುದು. ಇಗರ್ಜಿಯಲ್ಲಿ ಮರಣದ ರಿಜಿಸ್ಟರ್ ಇರುತ್ತದೆ, ಪಾದ್ರಿಗಳನ್ನು ಕೇಳಿದರೆ ಹೆಸರು, ತಾರೀಕು ಸರಿ ನೋಡಿಕೊಳ್ಳಬಹುದು. ಹೊಸ ಕಲ್ಲು ಹಾಕಿಸುವುದಾದರೆ ಹಳೆಯದನ್ನು ಕಿತ್ತು ಎಸೆಯಬೇಡಿ, ಪಕ್ಕದಲ್ಲೇ ಒರಗಿಸಿಡಿ.

ದೊಡ್ಡಪ್ಪ ಯಾವ ಪೊಸಿಷನ್‌ನಲ್ಲಿ ಆಡುತ್ತಿದ್ದರು ಅಂತ ನೀವು ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರೆಯಿರಿ. ಹೊಸ ಕಲ್ಲಿನಲ್ಲಿ ಹೆಸರಿನ ಕೆಳಗೆ ಅದನ್ನೂ ಕೆತ್ತಿಸಿ.