ಎಂಬಿಎ ಕನ್ಸಲ್ಟಿಂಗ್ ಪ್ರಾಜೆಕ್ಟ್‌ಗೆ ತಂಡ ಕಟ್ಟುವುದು ಹೇಗೆ? ಗೆಳೆಯರೇ ಸೇರಿಕೊಂಡರೆ ಸಾಕೇ?

ಸಾಲದು. ಗೆಳೆಯರ ಗುಂಪಿನಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಬರುವುದು ಒಂದೇ, ಬಾರದಿರುವುದೂ ಒಂದೇ. ಯಾರಾದರೂ ಕೆಲಸ ಮಾಡದಿದ್ದರೆ ಮುಖಕ್ಕೆ ಹೇಳಲು ದಾಕ್ಷಿಣ್ಯ ಬೇರೆ.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಬಿಡಿಭಾಗ ಕಾರ್ಖಾನೆ ನಿಮ್ಮ ಕ್ಲೈಂಟ್, ಅಂದರೆ ನೀವು ಸಲಹೆ ಕೊಡಬೇಕಾದ ಸಂಸ್ಥೆ, ಎಂದಿಟ್ಟುಕೊಳ್ಳಿ. ‘ಆರ್ಡರ್ ಇದೆ, ಕೈಯಲ್ಲಿ ದುಡ್ಡಿಲ್ಲ’ ಎನ್ನುತ್ತಾರೆ ಮಾಲೀಕರು. ಟ್ಯಾಲಿ ಎಂಬ ಲೆಕ್ಕಪತ್ರ ಸಾಫ್ಟ್‌ವೇರ್‌ನಿಂದ ಲೆಕ್ಕ ತೆಗೆದು, ಯಾವ ಗಿರಾಕಿಯ ಬಿಲ್ ಎಷ್ಟು ದಿನದಿಂದ ಬಾಕಿ ಎಂದು ಎಕ್ಸೆಲ್‌ನಲ್ಲಿ ತೋರಿಸಬಲ್ಲವರು ಒಬ್ಬರು ಬೇಕು. ಲೇತ್ ಯಂತ್ರದ ಪಕ್ಕ ನಿಂತು, ಸೂಪರ್‌ವೈಸರ್ ಜೊತೆ ಕನ್ನಡದಲ್ಲೇ ಮಾತಾಡಿ, ಮೂಲೆಯಲ್ಲಿ ಬಿದ್ದಿರುವ ಅರೆಬರೆ ಮಾಲಿನಲ್ಲಿ ಎಷ್ಟು ಹಣ ಸಿಕ್ಕಿಕೊಂಡಿದೆ ಎಂದು ಪತ್ತೆ ಹಚ್ಚುವವರು ಇನ್ನೊಬ್ಬರು. ನನ್ನ ಮಟ್ಟಿಗೆ ಈ ಎರಡನೆಯವರೇ ತಂಡದ ಜೀವ. ಬರೀ ಅಂಕ ನೋಡಿ ತಂಡ ಮಾಡಿದರೆ ಇವರೇ ಕೈಬಿಟ್ಟು ಹೋಗುತ್ತಾರೆ. ವರದಿ, ಪಿಪಿಟಿ ಉಳಿದವರು ನೋಡಿಕೊಳ್ಳಲಿ. ನಾಲ್ಕೈದು ಜನ ಸಾಕು.

ಬುದ್ಧಿವಂತರನ್ನೇ ತುಂಬಿದರೂ ಪ್ರಯೋಜನವಿಲ್ಲ. ಸಂಶೋಧಕಿ ಅನಿತಾ ವೂಲಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಗುಂಪು ಮಾಡಿ ನಡೆಸಿದ ಅಧ್ಯಯನ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗುಂಪಿನ ಸಾಮರ್ಥ್ಯಕ್ಕೆ ಸದಸ್ಯರ ಐಕ್ಯೂಗಿಂತ ಹೆಚ್ಚು ನಂಟು ಕಂಡದ್ದು ಇತರರ ಮನಸ್ಸು ಅರಿಯುವ ಗುಣಕ್ಕೆ, ಎಲ್ಲರಿಗೂ ಮಾತಿನ ಸರದಿ ಸಿಗುವುದಕ್ಕೆ.

ಮೊದಲ ವಾರವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರ ಕೆಲಸ ಯಾವುದು, ಕ್ಲೈಂಟ್‌ಗೆ ಫೋನ್ ಮಾಡುವವರು ಯಾರು, ಗಡುವು ತಪ್ಪಿದರೆ ಏನು. ಸದಸ್ಯರು ಒಬ್ಬರನ್ನೊಬ್ಬರು ಮೌಲ್ಯಮಾಪನ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಅರ್ಧ ದಾರಿಯಲ್ಲೇ ಮಾಡಿ. ಆಗ ತಿದ್ದಿಕೊಳ್ಳಲು ಸಮಯವಿರುತ್ತದೆ.