ಕನ್ನಡ ಓದುವವರು ಕಿಂಡಲ್ ಕೊಳ್ಳಬೇಕೇ, ಅಚ್ಚಿನ ಪುಸ್ತಕವೇ ಸಾಕೇ?

ನೀವು ಕೇಳಿರುವುದು ಇಷ್ಟು: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದಿದ್ದೀರಿ, ಪಿಜಿಯಲ್ಲಿ ಇದ್ದೀರಿ. ಕನ್ನಡ ಕಾದಂಬರಿ ಜಾಸ್ತಿ, ಇಂಗ್ಲಿಷ್ ಸ್ವಲ್ಪ ಓದುತ್ತೀರಿ. ಓದಿಗೆ ಅಂತ 15 ಸಾವಿರ ರೂಪಾಯಿ ಎತ್ತಿಟ್ಟಿದ್ದೀರಿ. ಅದರಲ್ಲಿ ಕಿಂಡಲ್ (ಅಮೆಜಾನ್ ಕಂಪನಿಯ ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಸಾಧನ) ತಗೊಳ್ಳಬೇಕಾ, ಪುಸ್ತಕ ಕೊಳ್ಳಬೇಕಾ, ಕಣ್ಣಿಗೆ ಯಾವುದು ಒಳ್ಳೆಯದು ಅಂತ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಓದಿನಲ್ಲಿ ಮುಕ್ಕಾಲು ಪಾಲು ಕನ್ನಡವೇ ಆಗಿದ್ದರೆ ಸದ್ಯಕ್ಕೆ ಕಿಂಡಲ್ ಬೇಡ. ಈ ಚರ್ಚೆ ಶುರುವಾದರೆ ಸಾಕು, ಜನ ಹೊಸ ಪುಸ್ತಕದ ಘಮ, ಹಾಳೆ ತಿರುವುವ ಸುಖ ಅಂತ ಹೊರಡುತ್ತಾರೆ. ಆ ಮಾತೆಲ್ಲ ನನಗೆ ಸಾಕಾಗಿದೆ. ನನ್ನ ಕಾರಣ ಬೇರೆ. ನಾನು ಕನ್ನಡ ಪ್ರಕಾಶಕರಿಗೆ ಕರಡು ತಿದ್ದಿಕೊಡುವ ಕೆಲಸ ಮಾಡುತ್ತೇನೆ. ಮನೆಯಲ್ಲಿ ಕಿಂಡಲ್ಲೂ ಇದೆ, ಕಪಾಟಿನ ತುಂಬ ಪುಸ್ತಕವೂ ಇದೆ. ಎರಡನ್ನೂ ಬಳಸುತ್ತೇನೆ. ಆದರೆ ಕಿಂಡಲ್‌ನಲ್ಲಿ ಓದುವುದು ಹೆಚ್ಚುಕಮ್ಮಿ ಇಂಗ್ಲಿಷ್ ಮಾತ್ರ.

ಯಾಕೆ ಅಂದರೆ, ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದನ್ನು ಸೇರಿಸಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಿಮ್ಮ ತಮಿಳು ಸಹೋದ್ಯೋಗಿ ಕಿಂಡಲ್‌ನಲ್ಲಿ ಆರಾಮಾಗಿ ತಮಿಳು ಕಾದಂಬರಿ ಓದುತ್ತಿರಬಹುದು. ಅದನ್ನು ನೋಡಿ ಕನ್ನಡಕ್ಕೂ ಹಾಗೇ ಇರುತ್ತದೆ ಅಂದುಕೊಂಡು ಕೊಂಡವರನ್ನು ನಾನು ನೋಡಿದ್ದೇನೆ. ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನೀವು ಮುಂದಿನ ವರ್ಷದಲ್ಲಿ ಓದಬೇಕು ಅಂದುಕೊಂಡಿರುವ ಹತ್ತು ಕನ್ನಡ ಪುಸ್ತಕಗಳ ಹೆಸರು ಬರೆದುಕೊಂಡು ಕಿಂಡಲ್ ಅಂಗಡಿಯಲ್ಲಿ ಹುಡುಕಿ. ಉತ್ತರ ಅಲ್ಲೇ ಸಿಗುತ್ತದೆ.

'ಪಿಡಿಎಫ್ ಹಾಕಿಕೊಂಡು ಓದ್ತೀನಿ ಬಿಡಿ' ಅಂತ ನೀವು ಹೇಳಬಹುದು. ಅಲ್ಲೇ ಇರುವುದು ತಾಪತ್ರಯ. ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 ಅಳತೆಯಲ್ಲಿ ಬರುತ್ತವೆ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಆರು ಇಂಚಿನ ಇ-ರೀಡರ್ ಅಂದರೆ ಕರ್ಣದ ಅಳತೆ. ಪರದೆಯ ಅಗಲ ಮೂರೂವರೆ ಇಂಚಿಗಿಂತ ತುಸು ಜಾಸ್ತಿ, ಎತ್ತರ ಐದಕ್ಕಿಂತ ತುಸು ಕಡಿಮೆ. ಇಡೀ ಪುಟವನ್ನು ಅದರಲ್ಲಿ ಕೂರಿಸಿದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೆ ಇಳಿಯುತ್ತದೆ. ಇಂಗ್ಲಿಷಾದರೆ ಹೇಗೋ ಓದಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ, ತಲೆಯ ಮೇಲೆ ಗುಡಿಸು. ಆ ಅಳತೆಯಲ್ಲಿ ಯಾವ ಒತ್ತು ಯಾವುದು ಅಂತ ಊಹಿಸಿಕೊಂಡು ಓದಬೇಕು. ಅಂಚು ಕತ್ತರಿಸಿ, ಪರದೆ ಅಡ್ಡ ತಿರುಗಿಸಿ ಸುಧಾರಿಸಬಹುದು. ಮುನ್ನೂರು ಪುಟ ಹಾಗೆ ಓದುವ ತಾಳ್ಮೆ ನನಗಂತೂ ಇಲ್ಲ.

ಪಿಡಿಎಫ್ ಒಳಗಿನ ಅಕ್ಷರವನ್ನು ಹಿಗ್ಗಿಸಿ, ಸಾಲುಗಳು ತಾವಾಗಿಯೇ ಹೊಂದಿಕೊಳ್ಳುವ ಹಾಗೆ ಬದಲಾಯಿಸಿಕೊಳ್ಳಬಹುದಲ್ಲ ಅಂದರೆ, ಅದಕ್ಕೂ ಒಂದು ಅಡ್ಡಿ ಇದೆ. ಕನ್ನಡ ಪುಸ್ತಕಗಳ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಬಹುಕಾಲ ನುಡಿ, ಬರಹ, ಶ್ರೀಲಿಪಿ ಇಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಡೆದಿದೆ. ಎಷ್ಟೋ ಕಡೆ ಈಗಲೂ ನಡೆಯುತ್ತಿದೆ. ಅವು ಯೂನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಕಣ್ಣಿಗೆ ಕಾಣುವುದು ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅಂಥ ಫೈಲನ್ನು ಇ-ಪುಸ್ತಕದ ಮಾದರಿಗೆ ಬದಲಾಯಿಸಲು ಹೋದರೆ ಇಡೀ ಅಧ್ಯಾಯ ಎ, ಬಿ, ಸಿಗಳಿಗೆ ತಲೆಯ ಮೇಲೆ ಚುಕ್ಕೆ, ಗೆರೆ ಬಿದ್ದ ಹಾಗೆ ಕಲಸಿಹೋಗುತ್ತದೆ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ.

ಯೂನಿಕೋಡ್‌ಗೆ ತಿರುಗಿಸುವ ಸಾಧನಗಳು ಇವೆ. ಆದರೂ ತಪ್ಪು ಉಳಿಯುತ್ತದೆ. ಉದಾಹರಣೆಗೆ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅದು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ 'ರ್' ಮೊದಲು ಬರಬೇಕು. ಒಂದರ ಮೇಲೊಂದು ಒತ್ತು ಇರುವ ಕಡೆ ಈ ಅದಲುಬದಲಿನಲ್ಲಿ ಅಕ್ಷರ ಜಾರುತ್ತದೆ. ಹಾಗಾಗಿ ಅಚ್ಚಿಗೆ ಅಂತ ಒಮ್ಮೆ ತಿದ್ದಿದ ಪುಸ್ತಕವನ್ನು ಇ-ಪುಸ್ತಕಕ್ಕೆ ಅಂತ ಮತ್ತೆ ಮೊದಲಿನಿಂದ ತಿದ್ದಬೇಕು. ಆ ಕೂಲಿಯನ್ನು ಯಾರು ಕೊಡುತ್ತಾರೆ? ಸಾವಿರ ಪ್ರತಿ ಅಚ್ಚು ಹಾಕಿ ಅದು ಮುಗಿದರೆ ಸಾಕಪ್ಪಾ ಅನ್ನುವ ಪ್ರಕಾಶಕರಿಗೆ ಇದು ಬೇಡದ ಖರ್ಚು. ಕನ್ನಡದಲ್ಲಿ ಇ-ಪುಸ್ತಕ ಯಾಕೆ ಕಡಿಮೆ ಅಂದರೆ ಓದುಗರಿಗೆ ಆಸಕ್ತಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಮೊದಲು ಬೊಟ್ಟು ಮಾಡುವುದು ಈ ಫಾಂಟಿನ ಕಡೆಗೆ.

ಹಾಗಂತ ಕನ್ನಡ ಇ-ಪುಸ್ತಕವೇ ಇಲ್ಲ ಅಂತಲ್ಲ. ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಪುಸ್ತಕ, ಕೇಳುವ ಪುಸ್ತಕ ಎರಡೂ ಸಿಗುತ್ತವೆ. ವಿವಿಡ್‌ಲಿಪಿಯಲ್ಲಿ ಇವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ಆದರೆ ಇವುಗಳನ್ನು ಓದಲು ಬೇಕಾಗುವುದು ಫೋನು ಅಥವಾ ಟ್ಯಾಬ್ಲೆಟ್. ಅದು ನಿಮ್ಮ ಹತ್ತಿರ ಈಗಾಗಲೇ ಇದೆ ಅಲ್ವಾ? ಆಂಡ್ರಾಯ್ಡ್ ಇರುವ ಇ-ಇಂಕ್ (ಕಿಂಡಲ್‌ನಲ್ಲಿ ಇರುವಂಥ, ಕಾಗದದ ಹಾಗೆ ಕಾಣುವ ಪರದೆ) ಸಾಧನಗಳಲ್ಲಿ ಈ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು. ಪಿಡಿಎಫ್‌ಗೂ ಆಗುವಂಥ ದೊಡ್ಡ ಪರದೆಯದು ಬೇಕೆಂದರೆ ಮಾತ್ರ ನಿಮ್ಮ 15 ಸಾವಿರ ಸಾಲುವುದಿಲ್ಲ.

ಇನ್ನು ಕಣ್ಣು. ಇ-ಇಂಕ್ ಪರದೆಯಲ್ಲಿ ಸಣ್ಣ ಸಣ್ಣ ಗುಳಿಗೆಗಳೊಳಗೆ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ ಕೊಟ್ಟಾಗ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಕಾಗದದ ಹಾಗೆ ಅದು ಹೊರಗಿನ ಬೆಳಕಿನಲ್ಲೇ ಕಾಣುತ್ತದೆ. ದೀಪ ಇರುವ ಮಾದರಿಯಲ್ಲೂ ಬೆಳಕು ಪರದೆಯ ಮೇಲೆ ಬೀಳುತ್ತದೆಯೇ ಹೊರತು ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಬಿಸಿಲಲ್ಲಿ ಕೂತು ಓದಬಹುದು. ಪುಟ ತಿರುವಿದಾಗ ಮಾತ್ರ ಕರೆಂಟು ಬೇಕಾಗುವುದರಿಂದ ಚಾರ್ಜು ವಾರಗಟ್ಟಲೆ ಬರುತ್ತದೆ. ಆದ್ದರಿಂದ ಕಾಗದ, ಇ-ಇಂಕ್ ಎರಡರಲ್ಲಿ ಕಣ್ಣಿಗೆ ಅಂಥ ವ್ಯತ್ಯಾಸವಿಲ್ಲ. ಫೋನಿನಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಅದಕ್ಕಿಂತ ದೊಡ್ಡ ಕಾಟ ನೋಟಿಫಿಕೇಶನ್ನು. ಅಧ್ಯಾಯದ ನಡುವೆ ಆಫೀಸಿನ ಗ್ರೂಪಿನಿಂದ ಒಂದು ಮೆಸೇಜು ಬಂದರೆ ಕಥೆ ಅಲ್ಲಿಗೇ ಮುಗೀತು.

ತಲೆಗೆ ಹತ್ತುವ ವಿಷಯದಲ್ಲಿ ಒಂದು ಅಧ್ಯಯನ ನೆನಪಿಡುವಂಥದ್ದು. 2018ರಲ್ಲಿ ಡೆಲ್ಗಾಡೊ ಎಂಬ ಸಂಶೋಧಕರು ಮತ್ತು ಸಂಗಡಿಗರು, ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟು 1,70,000ಕ್ಕೂ ಹೆಚ್ಚು ಓದುಗರು. ಮಾಹಿತಿ ಕೊಡುವ ಬರಹವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ ಓದುವಾಗ, ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಆದರೆ ಕಥೆಗಳನ್ನಷ್ಟೇ ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ನೀವು ಓದುವುದು ಕಾದಂಬರಿ, ಆದ್ದರಿಂದ ಈ ಕಾರಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಐಎಎಸ್, ಕೆಎಎಸ್‌ಗೆ ಓದುವವರು ಇದನ್ನು ನೋಡುತ್ತಿದ್ದರೆ ಅವರು ಮಾತ್ರ ಅಚ್ಚಿನ ಪುಸ್ತಕವನ್ನೇ ಹಿಡಿಯಲಿ.

ದುಡ್ಡಿನ ಲೆಕ್ಕ ಸುಲಭ. ಒಂದು ಕನ್ನಡ ಕಾದಂಬರಿಗೆ ಸರಾಸರಿ 250 ರೂಪಾಯಿ ಅಂತ ಹಿಡಿಯಿರಿ. 15 ಸಾವಿರಕ್ಕೆ 60 ಪುಸ್ತಕ. ತಿಂಗಳಿಗೆ ಎರಡು ಓದಿದರೂ ಎರಡೂವರೆ ವರ್ಷದ ಓದು. ಕಿಂಡಲ್ ಕೊಂಡರೆ ಆ ದುಡ್ಡಿನ ಬಹುಪಾಲು ಒಂದೂ ಪುಸ್ತಕ ಓದುವ ಮುಂಚೆಯೇ ಖಾಲಿ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಇದೆ. ಅಚ್ಚಿನಲ್ಲೂ ಇರುವ ಪುಸ್ತಕದ ಇ-ಆವೃತ್ತಿಗೆ 2018ರಲ್ಲಿ ಅದನ್ನು ಶೇ 18ರಿಂದ ಶೇ 5ಕ್ಕೆ ಇಳಿಸಿದರು.

ಇನ್ನೊಂದು ಮಾತು ಜನಕ್ಕೆ ಹೊಳೆಯುವುದಿಲ್ಲ. ದೊಡ್ಡ ಅಂಗಡಿಗಳಲ್ಲಿ ಇ-ಪುಸ್ತಕಕ್ಕೆ ದುಡ್ಡು ಕೊಟ್ಟರೆ ನಿಮಗೆ ಸಿಗುವುದು ಓದುವ ಅನುಮತಿ ಅಷ್ಟೇ. 2009ರಲ್ಲಿ ಹಕ್ಕಿನ ತಕರಾರು ಬಂತು ಅಂತ ಅಮೆಜಾನ್, ಜಾರ್ಜ್ ಆರ್ವೆಲ್ ಅವರ ಪುಸ್ತಕಗಳನ್ನು ಕೊಂಡವರ ಕಿಂಡಲ್‌ನಿಂದಲೇ ಅಳಿಸಿಹಾಕಿತ್ತು. ದುಡ್ಡು ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೂ ಹೋದವು. ಅಲ್ಲೂ ಹಣ ಮರಳಿ ಬಂತು ಅನ್ನಿ. 2025ರ ಫೆಬ್ರುವರಿಯಲ್ಲಿ, ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ ತೆಗೆದುಹಾಕಿತು. ಅಚ್ಚಿನ ಪುಸ್ತಕವನ್ನು ನೀವು ತಂಗಿಗೆ ಕೊಡಬಹುದು, ಅವೆನ್ಯೂ ರಸ್ತೆಯಲ್ಲಿ ಮಾರಬಹುದು, ಸ್ನೇಹಿತನಿಗೆ ಕೊಟ್ಟು ಕಳೆದುಕೊಳ್ಳಬಹುದು. (ಮೂರನೆಯದೇ ಜಾಸ್ತಿ ಆಗುವುದು.)

ಪಿಜಿಯ ಜಾಗ ನಿಜವಾದ ಸಮಸ್ಯೆ, ಅದನ್ನು ಒಪ್ಪುತ್ತೇನೆ. ಮಂಚದ ಕೆಳಗೆ ಎರಡು ರಟ್ಟಿನ ಡಬ್ಬಿ ಹಿಡಿಸಿದರೆ ಹೆಚ್ಚು. ರೂಮು ಬದಲಾಯಿಸುವಾಗ ಪುಸ್ತಕದಷ್ಟು ಭಾರದ್ದು ಇನ್ನೊಂದಿಲ್ಲ. ನೆಲಮಹಡಿಯ ರೂಮಾದರೆ ಥಂಡಿ, ಬೆಳ್ಳಿಹುಳ, ಗೆದ್ದಲು. ಮಲೆನಾಡಿನವರನ್ನು ಕೇಳಿ, ಮಳೆಗಾಲದಲ್ಲಿ ಬೂಷ್ಟು ಒರೆಸುವುದೇ ಒಂದು ಕೆಲಸ. ಇದಕ್ಕೆ ನನ್ನ ಸಲಹೆ, ಓದಿದ್ದೆಲ್ಲವನ್ನೂ ಇಟ್ಟುಕೊಳ್ಳಬೇಡಿ. ಮತ್ತೆ ಓದುವೆ ಅನ್ನಿಸಿದ್ದನ್ನು ಊರಿಗೆ ಹೋಗುವಾಗ ಒಯ್ದು ಮನೆಯಲ್ಲಿಡಿ. ಉಳಿದದ್ದನ್ನು ಕೈ ಬದಲಾಯಿಸಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ನಗರ ಕೇಂದ್ರ ಗ್ರಂಥಾಲಯದ ಶಾಖೆಗಳೂ ಬಡಾವಣೆಗಳಲ್ಲಿ ಇವೆ. ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ಶುರು ಮಾಡಿತು. ಅದರ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡು ಪುಕ್ಕಟೆಯಾಗಿ ಓದಬಹುದು.

ಹಾಗಾದರೆ ಇ-ಪುಸ್ತಕ ಎಲ್ಲಿ ಗೆಲ್ಲುತ್ತದೆ? ಇಂಗ್ಲಿಷ್ ಓದಿನಲ್ಲಿ, ಅನುಮಾನವೇ ಬೇಡ. ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ, ಸಾವಿರ ಪುಟದ ಪುಸ್ತಕ ಕೈ ನೋಯಿಸುವುದಿಲ್ಲ. ಊರಲ್ಲಿರುವ ಅಪ್ಪ-ಅಮ್ಮನಿಗೆ ಕಣ್ಣು ಮಂಜಾಗಿದ್ದರೆ ಟ್ಯಾಬ್ಲೆಟ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಡಬಹುದು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ಅಂಚೆ ಖರ್ಚು ಪುಸ್ತಕದ ಬೆಲೆಗಿಂತ ಜಾಸ್ತಿ ಆಗುವುದರಿಂದ ಅವರಿಗೆ ಆ್ಯಪ್ ವರದಾನವೇ.

ಎಲ್ಲಕ್ಕಿಂತ ಹೆಚ್ಚಾಗಿ 'ಪ್ರತಿಗಳು ಮುಗಿದಿವೆ' ಅನ್ನುವ ಪುಸ್ತಕಗಳು. ಕನ್ನಡದಲ್ಲಿ ಎಷ್ಟೋ ಒಳ್ಳೆಯ ಪುಸ್ತಕಗಳು ಒಂದೇ ಮುದ್ರಣ ಕಂಡು ಮರೆಯಾಗಿವೆ. ಅವುಗಳಲ್ಲಿ ಹಲವು ಸ್ಕ್ಯಾನ್ ಆಗಿ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಕೂತಿವೆ. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳನ್ನು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹಗಳನ್ನು ನೀವು ಯಾವ ಅಳುಕೂ ಇಲ್ಲದೆ ಇಳಿಸಿಕೊಳ್ಳಬಹುದು. ಆದರೆ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುವ ಹೋದ ವರ್ಷದ ಕಾದಂಬರಿಯ ಪಿಡಿಎಫ್ ಕದ್ದ ಮಾಲು. 250 ರೂಪಾಯಿ ಪುಸ್ತಕಕ್ಕೆ ಶೇ 10 ಗೌರವಧನ ಅಂದುಕೊಂಡರೂ ಲೇಖಕರಿಗೆ ಸಿಗುವುದು 25 ರೂಪಾಯಿ. ಅದನ್ನೂ ಕಿತ್ತುಕೊಳ್ಳುವುದು ಬೇಡ.

ಈಗ ನಿಮ್ಮ 15 ಸಾವಿರ. ಫೋನಿನಲ್ಲೇ ಒಂದು ಕನ್ನಡ ಇ-ಪುಸ್ತಕ ಕೊಂಡು ಕೊನೆಯವರೆಗೆ ಓದಿ. ಮುಗಿಸಲು ಆಗದಿದ್ದರೆ ಮುಂದಕ್ಕೆ ಆ ದಾರಿ ಬೇಡ. ರೂಮ್‌ಮೇಟ್ ಬೇಗ ಮಲಗುತ್ತಾರೆ ಅಂದರೆ ಪುಸ್ತಕಕ್ಕೆ ಸಿಕ್ಕಿಸುವ ಪುಟ್ಟ ದೀಪ ಸಿಗುತ್ತದೆ, ಕೆಲವು ನೂರು ರೂಪಾಯಿ. ಆರೇಳು ಸಾವಿರವನ್ನು ಈ ವರ್ಷ ಪುಸ್ತಕಕ್ಕೇ ಹಾಕಿ. ಉಳಿದದ್ದನ್ನು ಇಟ್ಟುಕೊಂಡಿರಿ. ಇಂಗ್ಲಿಷ್ ಓದು ಜಾಸ್ತಿಯಾಗಿ ತಿಂಗಳಿಗೆ ಎರಡು ಮೂರು ಪುಸ್ತಕಕ್ಕೆ ಬಂದರೆ ಆಗ ಕಿಂಡಲ್ ತಗೊಳ್ಳಿ. ಕೊಡುಗೆಯ ದಿನಗಳಲ್ಲಿ ಬೆಲೆ ಇಳಿಯುತ್ತದೆ, ಪೂರ್ತಿ ಬೆಲೆ ಕೊಡಬೇಡಿ. ಕನ್ನಡ ಪುಸ್ತಕಗಳನ್ನೂ ಒಂದೇ ಸಲ ಕೊಳ್ಳಬೇಡಿ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಅಂತ ಪ್ರಕಾಶಕರು, ಅಂಗಡಿಗಳು ರಿಯಾಯಿತಿ ಇಡುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ಆ ತಿಂಗಳು ಅರ್ಧ ಬೆಲೆಗೆ ಸಿಕ್ಕಿದ್ದೂ ಇದೆ. ಪಟ್ಟಿ ಈಗಲೇ ಬರೆದಿಟ್ಟುಕೊಳ್ಳಿ, ಹಳೆಯ ಮುದ್ರಣದ್ದು ಕಣ್ಣಿಗೆ ಬಿದ್ದರೆ ಮಾತ್ರ ನವೆಂಬರ್‌ವರೆಗೆ ಕಾಯದೆ ಅಲ್ಲೇ ಕೊಂಡುಬಿಡಿ.