ಓಟಗಾರನಾಗುವ ಕನಸು ಹೋಯಿತು, ದಿನಾ ತಿನ್ನುವ ಬಾಳೆಹಣ್ಣಿನಿಂದ ಇನ್ನೂ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಚಿಕ್ಕವರಿದ್ದಾಗ ಕೋಚ್ ಒಬ್ಬರು "ದಿನಾ ಎರಡು ಬಾಳೆಹಣ್ಣು ತಿನ್ನು, ನೂರು ಮೀಟರ್‌ನಲ್ಲಿ ನಿನ್ನನ್ನು ಹಿಡಿಯೋರೇ ಇರಲ್ಲ" ಅಂದರು. ಈಗ ನಿಮಗೆ 32. ಓಟ ಯಾವತ್ತೋ ನಿಂತಿದೆ, ಬಾಳೆಹಣ್ಣು ಮಾತ್ರ ನಿಂತಿಲ್ಲ. ಸಿಪ್ಪೆ ಸುಲಿದಾಗಲೆಲ್ಲ ಸೋತೆ ಅನ್ನಿಸುತ್ತದೆ. ಈ ಹಣ್ಣಿನಿಂದ ನಿಜಕ್ಕೂ ಏನು ಲಾಭ, ಕನಸನ್ನು ಕೈಬಿಡುವುದು ಹೇಗೆ, ಹಳೇ ಸ್ಪೈಕ್ಸ್ ಶೂ ಎಸೆಯಲಾ ಅಂತ ಕೇಳಿದ್ದೀರಿ.

ನಾನು ಡಯಟಿಷಿಯನ್. ಹಣ್ಣಿನ ಲೆಕ್ಕ ದಿನಾ ಮಾಡುವ ಕೆಲಸ, ಅದನ್ನೇ ಮೊದಲು ಹೇಳುತ್ತೇನೆ.

ಮಧ್ಯಮ ಗಾತ್ರದ ಬಾಳೆಹಣ್ಣು ಸಿಪ್ಪೆ ತೆಗೆದ ಮೇಲೆ ಸುಮಾರು 118 ಗ್ರಾಂ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ 105 ಕ್ಯಾಲೊರಿ, 27 ಗ್ರಾಂ ಕಾರ್ಬೋಹೈಡ್ರೇಟ್, 3 ಗ್ರಾಂ ನಾರು, 420 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ವಿಟಮಿನ್ ಬಿ6 ಚೆನ್ನಾಗಿಯೇ ಇದೆ, ದಿನಕ್ಕೆ ಬೇಕಾದ ಕಾಲು ಭಾಗದಷ್ಟು. ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ, ಅಂದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಬರೀ ಬಾಳೆಹಣ್ಣು ತಿಂದು ಸ್ನಾಯು ಬೆಳೆಯುವುದಿಲ್ಲ.

ಪೊಟ್ಯಾಸಿಯಂ ಅಂದರೆ ಬಾಳೆಹಣ್ಣು ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಎರಡು ಹಣ್ಣಿನಿಂದ ಅದರ ಕಾಲು ಭಾಗವೂ ಪೂರ್ತಿ ಸಿಗುವುದಿಲ್ಲ. ಸಿಪ್ಪೆ ಸಮೇತ ಸುಟ್ಟ ಒಂದು ಆಲೂಗಡ್ಡೆಯಲ್ಲಿ ಇದಕ್ಕಿಂತ ಜಾಸ್ತಿ ಇದೆ, ಪಾಪ, ಅದಕ್ಕೆ ಹೆಸರಿಲ್ಲ. ಆದರೂ ಈ 420 ಸುಮ್ನೆ ಹೋಗುವುದಿಲ್ಲ. ಪೊಟ್ಯಾಸಿಯಂ ಸಾಕಷ್ಟು ಸಿಕ್ಕರೆ ಕಿಡ್ನಿ ಹೆಚ್ಚು ಸೋಡಿಯಂ ಹೊರಗೆ ಹಾಕುತ್ತದೆ. ರಕ್ತದೊತ್ತಡ ಇಳಿಯಲು ಅದರಿಂದ ಸಹಾಯವಾಗುತ್ತದೆ. ಓಡುವವನಿಗೂ ಕೂತು ಕೆಲಸ ಮಾಡುವವನಿಗೂ ಇದು ಒಂದೇ.

ಇನ್ನು ಕಾಲಿನ ಸೆಳೆತ. ಪೊಟ್ಯಾಸಿಯಂ ಕಡಿಮೆಯಾಗಿಯೇ ಓಟಗಾರರಿಗೆ ಸೆಳೆತ ಬರುತ್ತದೆ, ಬಾಳೆಹಣ್ಣು ತಿಂದರೆ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಬಾಳೆಹಣ್ಣಿನಲ್ಲಿ ಸೆರಟೋನಿನ್ ಅನ್ನುವ, ಮಿದುಳಿನಲ್ಲಿ ಮನಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ ಇದೆ, ಅದಕ್ಕೇ ತಿಂದರೆ ಮನಸ್ಸು ಖುಷಿಯಾಗುತ್ತದೆ ಅನ್ನುವುದೂ ಅಷ್ಟೇ. ಸೆರಟೋನಿನ್ ಇರುವುದು ನಿಜ, ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ.

ಹಾಗಂತ ನಿಮ್ಮ ಕೋಚ್ ಪೂರ್ತಿ ಸುಳ್ಳು ಹೇಳಲಿಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೈಕಲ್ ಸವಾರರನ್ನು 75 ಕಿಲೋಮೀಟರ್ ತುಳಿಸಿ ನೋಡಿದರು. ಒಂದು ಸಲ ದಾರಿಯುದ್ದಕ್ಕೂ ಬಾಳೆಹಣ್ಣು, ಇನ್ನೊಂದು ಸಲ ಕ್ರೀಡಾಪಟುಗಳು ಕುಡಿಯುವ ಸಕ್ಕರೆ ಪಾನೀಯ. ಸಾಧನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಂಟೆಗಟ್ಟಲೆ ದಣಿಯುವ ಆಟಕ್ಕೆ ಇದು ಒಳ್ಳೆಯ ಇಂಧನ. ನಿಮ್ಮದು ಹತ್ತು ಹನ್ನೆರಡು ಸೆಕೆಂಡಿನ ಓಟ. ಅದಕ್ಕೆ ಬೇಕಾದ ಶಕ್ತಿ ಆಗಲೇ ಸ್ನಾಯುವಿನಲ್ಲಿ ಕೂತಿರುತ್ತದೆ. ಹಿಡಿಯೋರೇ ಇರಲ್ಲ ಅನ್ನುವುದನ್ನು ಯಾವ ಹಣ್ಣೂ ತೀರ್ಮಾನ ಮಾಡುತ್ತಿರಲಿಲ್ಲ.

ಯಾವ ಹಂತದ ಹಣ್ಣು ತಿನ್ನುತ್ತೀರಿ ಅನ್ನುವುದೂ ಮುಖ್ಯ. ಕಾಯಿಯಾಗಿದ್ದಾಗ, ನೀರಿನಂಶ ಬಿಟ್ಟು ಉಳಿಯುವ ತೂಕದಲ್ಲಿ ಮುಕ್ಕಾಲು ಭಾಗ ಪಿಷ್ಟವೇ. ಅದರಲ್ಲಿ ಒಂದಷ್ಟು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹಣ್ಣಿನಿಂದಲೇ ಹೊರಡುವ ಎಥಿಲೀನ್ ಅನಿಲ ಅದನ್ನು ಮಾಗಿಸುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಂದು ಚುಕ್ಕೆ ಬರುವ ಹೊತ್ತಿಗೆ ಪಿಷ್ಟ ಬಹುಪಾಲು ಖಾಲಿ. ಸಕ್ಕರೆ ಕಾಯಿಲೆ ಇರುವವರಿಗೆ ನಾನು ಸ್ವಲ್ಪ ಗಟ್ಟಿ ಇರುವ ಸಣ್ಣ ಹಣ್ಣನ್ನೇ ಹೇಳುತ್ತೇನೆ. ಕಿಡ್ನಿ ತೊಂದರೆ ಇದ್ದರೆ, ಅಥವಾ ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ ದಿನಾ ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿಯೇ ತಿನ್ನಿ. ಅಂಥವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ನಿಮಗೆ ಇವ್ಯಾವುದೂ ಇಲ್ಲದಿದ್ದರೆ ದಿನಕ್ಕೆ ಎರಡು ತಿಂದುಕೊಂಡು ಆರಾಮಾಗಿರಿ.

ಕಾಯಿ, ಹಣ್ಣು ಅಂತ ನಾನು ಇಷ್ಟು ಸಲೀಸಾಗಿ ಹೇಳುತ್ತೇನೆ, ಆದರೆ ಸಿಪ್ಪೆಯ ಹಸಿರು, ಹಳದಿ ಬಣ್ಣದ ವ್ಯತ್ಯಾಸ ನನ್ನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹಣ್ಣಾಗಿದೆಯಾ ಅಂತ ತುದಿಯ ಹತ್ತಿರ ಬೆರಳಲ್ಲಿ ಒತ್ತಿ, ತೊಟ್ಟನ್ನು ಮೂಸಿ ನೋಡುತ್ತೇನೆ. ಹಸಿರು ಕೆಂಪಿನ ಬಣ್ಣಗುರುಡು ನನಗೆ. ಪೈಲಟ್ ಆಗಬೇಕು ಅನ್ನುವ ನನ್ನ ಕನಸೂ ಅದರಿಂದಲೇ ಹೋಯಿತು.

ಜಪಾನಿನ ಶಿನೊಬು ಇಶಿಹಾರಾ ಅನ್ನುವ ಕಣ್ಣಿನ ವೈದ್ಯರು 1917ರಲ್ಲಿ ಬಣ್ಣಗುರುಡು ಕಂಡುಹಿಡಿಯುವ ಒಂದು ಪರೀಕ್ಷೆ ಪ್ರಕಟಿಸಿದರು. ಈಗಲೂ ಅದೇ ನಡೆಯುತ್ತದೆ. ಬಣ್ಣಬಣ್ಣದ ಚುಕ್ಕೆ ತುಂಬಿದ ವೃತ್ತಗಳು, ಒಳಗೆ ಒಂದೊಂದು ಸಂಖ್ಯೆ. ಒಂದು ಪುಟದಲ್ಲಿ ಎಲ್ಲರಿಗೂ 74 ಕಾಣುತ್ತದೆ, ನನ್ನಂಥವರಿಗೆ 21. ನಾನು "ಇಪ್ಪತ್ತೊಂದು" ಅಂತ ಬಹಳ ಧೈರ್ಯವಾಗಿ ಓದಿದೆ. ಡಾಕ್ಟರು ಏನೂ ಹೇಳದೆ ಮುಂದಿನ ಪುಟ ತಿರುಗಿಸಿದರು. ಆಚೆ ಬರುವ ಹೊತ್ತಿಗೆ ಪೈಲಟ್ ಮಾತು ಮುಗಿದಿತ್ತು.

ಇದನ್ನು ಹೇಳಿದ್ದು ಕನಿಕರಕ್ಕಲ್ಲ. ನನ್ನದಕ್ಕಿಂತ ನಿಮ್ಮದು ಕಷ್ಟ ಅನ್ನುವುದಕ್ಕೆ. ನನ್ನ ಕನಸಿಗೆ ಒಂದು ತಾರೀಕು ಇತ್ತು, ಒಂದು ಕಾಗದ ಇತ್ತು. ಅತ್ತು ಮುಗಿಸೋಕೆ ಅನುಕೂಲವಾಯಿತು. ನಿಮಗೆ ಯಾರೂ ಆಗಲ್ಲ ಅನ್ನಲಿಲ್ಲ. ಒಂದು ವರ್ಷ ಪರೀಕ್ಷೆ, ಇನ್ನೊಂದು ವರ್ಷ ಕೆಲಸ, ಆಮೇಲೆ ಮಂಡಿ ನೋವು. ಹಾಗೇ ಜಾರಿಹೋಯಿತು. ಅದಕ್ಕೇ ಒಳಗೆಲ್ಲೋ "ಇನ್ನೂ ಆಗಬಹುದೇನೋ" ಅಂತ ಕೊರೆಯುತ್ತಿರುತ್ತದೆ, ಅಲ್ವಾ? ನಾನಾಗಿದ್ದರೆ ಒಂದು ಭಾನುವಾರ ಟ್ರ್ಯಾಕಿಗೆ ಹೋಗಿ, ಚೆನ್ನಾಗಿ ವಾರ್ಮ್ ಅಪ್ ಮಾಡಿ, ಸ್ನೇಹಿತರ ಕೈಗೆ ಸ್ಟಾಪ್‌ವಾಚ್ ಕೊಟ್ಟು ನೂರು ಮೀಟರ್ ಓಡಿಬಿಡುತ್ತಿದ್ದೆ. ಬಂದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಕೆಳಗೆ ತಾರೀಕು ಹಾಕುತ್ತಿದ್ದೆ. ಉಸೇನ್ ಬೋಲ್ಟ್ 2009ರಲ್ಲಿ ಓಡಿದ್ದು 9.58 ಸೆಕೆಂಡ್. ನಿಮ್ಮದು ಎಷ್ಟೇ ಬರಲಿ, ಅದು ನಿಮ್ಮ ಕಾಗದ.

ಕನಸು ಬಿಡಬೇಡಿ, ಛಲ ಬೇಕು ಅಂತ ಬೇರೆಯವರು ಹೇಳಬಹುದು. ನಾನು ಒಪ್ಪುವುದಿಲ್ಲ. ಮನೋವಿಜ್ಞಾನಿಗಳಾದ ಕಾರ್ಸ್ಟನ್ ವ್ರೋಶ್, ಮೈಕೆಲ್ ಶೈಯರ್ ಮತ್ತು ಜೊತೆಗಾರರು 2003ರಲ್ಲಿ ಇದನ್ನೇ ನೋಡಿದರು. ಕೈಗೆಟುಕದ ಗುರಿಯನ್ನು ಬಿಡಲು ಬರುವವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು. ಆದರೆ ಅವರು ಬಿಡುವುದು, ಹೊಸದನ್ನು ಹಿಡಿಯುವುದು ಎರಡನ್ನೂ ಬೇರೆಬೇರೆಯಾಗಿ ಅಳೆದರು. ಒಂದು ಬರುವವನಿಗೆ ಇನ್ನೊಂದು ಬರಲೇಬೇಕು ಅಂತಿಲ್ಲ. ನಿಮ್ಮ ಪ್ರಶ್ನೆ ಓದಿದರೆ ನಿಮಗೆ ಬಾಕಿ ಇರುವುದು ಎರಡನೆಯದು ಅನ್ನಿಸುತ್ತದೆ. ಓಟವನ್ನು ಬಿಟ್ಟಾಗಿದೆ, ಆ ಜಾಗದಲ್ಲಿ ಇನ್ನೂ ಏನೂ ಬಂದಿಲ್ಲ. ಖಾಲಿ ಜಾಗದಲ್ಲಿ ಬಾಳೆಹಣ್ಣು ಒಂದೇ ಕೂತಿದೆ, ಎಲ್ಲ ಸಿಟ್ಟೂ ಅದರ ಮೇಲೆ.

ಒಂದು ಪ್ರಶ್ನೆ ನೀವೇ ಕೇಳಿಕೊಳ್ಳಿ. ಆಗ ಇಷ್ಟವಾಗುತ್ತಿದ್ದುದು ಪದಕವಾ, ಓಡುವುದಾ, ಇಲ್ಲ ಕೋಚ್ ಬೆನ್ನು ತಟ್ಟುತ್ತಿದ್ದುದಾ? ನನ್ನ ವಿಷಯದಲ್ಲಿ ಹಾರುವುದಕ್ಕಿಂತ ಆ ನಕ್ಷೆ, ಹವಾಮಾನ, ಲೆಕ್ಕಾಚಾರ ಇಷ್ಟವಿತ್ತು. ಯೂನಿಫಾರ್ಮೂ ಇಷ್ಟವಿತ್ತು, ಸುಳ್ಳು ಯಾಕೆ. ಲೆಕ್ಕಾಚಾರ ಈಗಿನ ಕೆಲಸದಲ್ಲಿ ಬೇಕಾದಷ್ಟು ಸಿಕ್ಕಿದೆ. ನಿಮಗೆ ಬೆನ್ನು ತಟ್ಟುವುದು ಇಷ್ಟವಿದ್ದಿದ್ದರೆ ವಾರಕ್ಕೆರಡು ದಿನ ಮಕ್ಕಳಿಗೆ ಸ್ಟಾರ್ಟ್ ಹೇಳಿಕೊಡಿ, ಈ ಸಲ ತಟ್ಟುವವರು ನೀವು. ಓಡುವುದೇ ಇಷ್ಟವಿದ್ದಿದ್ದರೆ ಓಡಿ.

35 ತುಂಬಿದವರಿಗೆ ಮಾಸ್ಟರ್ಸ್ ಅಥ್ಲೆಟಿಕ್ಸ್ ಅಂತಲೇ ಬೇರೆ ಸ್ಪರ್ಧೆಗಳಿವೆ, ಐದೈದು ವರ್ಷದ ಗುಂಪು ಮಾಡಿ ಓಡಿಸುತ್ತಾರೆ. ಜಪಾನಿನ ಹಿಡೆಕಿಚಿ ಮಿಯಾಝಾಕಿ 2015ರಲ್ಲಿ 105ನೇ ವಯಸ್ಸಿನಲ್ಲಿ ನೂರು ಮೀಟರನ್ನು 42.22 ಸೆಕೆಂಡಿನಲ್ಲಿ ಓಡಿದರು. ಅವರು ಓಟ ಶುರು ಮಾಡಿದ್ದೇ ತೊಂಬತ್ತು ದಾಟಿದ ಮೇಲೆ. ಆದರೆ ಹಳೆಯ ಕನಸನ್ನೇ ಹಿಂಬಾಗಿಲಿನಿಂದ ಒಳಗೆ ತರೋಕೆ ಮಾಸ್ಟರ್ಸ್‌ಗೆ ಹೋಗಬೇಡಿ. ಮೊದಲ ಓಟದಲ್ಲೇ ಬೇಜಾರಾಗುತ್ತದೆ. ಆ ಚೀಟಿ ಬರೆದು ಒಂದೆರಡು ತಿಂಗಳು ಕಳೆಯಲಿ, ಆಮೇಲೂ ಕಾಲು ತುಡಿದರೆ ಹೋಗಿ.

ಶೂ ವಿಷಯ. ಅಡಿ ಕಿತ್ತುಬಂದಿದ್ದರೆ ಎಸೆಯಿರಿ. ಗಟ್ಟಿ ಇದ್ದರೆ ಮೊಳೆ ಬಿಚ್ಚಿ, ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸಿ, ನಿಮ್ಮ ಅಳತೆಯ ಕಾಲಿನ ಹುಡುಗ ಯಾರಾದರೂ ಓಡುತ್ತಿದ್ದರೆ ಕೊಡಿ. ಕೊಡುವಾಗ ಬಾಳೆಹಣ್ಣಿನ ಮಾತು ಮಾತ್ರ ಎತ್ತಬೇಡಿ.